ಚೀನಾದ ಕೆಂಪು ಡಬ್ಬಿ: ಕೆತ್ತಿದ್ದು ಮರವನ್ನಲ್ಲ

ಚೀನಾದ ಮಿಂಗ್ ರಾಜವಂಶದ ಕಾಲದ ಕೆಂಪು ಕೆತ್ತನೆ ಡಬ್ಬಿಯ ಫೋಟೋ ಜೊತೆ ಒಂದು ಮಾತು ಹರಿದಾಡುತ್ತಿದೆ: ಮರ ಕೆತ್ತಿ, ನಮ್ಮ ಚನ್ನಪಟ್ಟಣದ ಹಾಗೆ ಅರಗು ಹಚ್ಚಿದ್ದು ಅಂತ. ಅದು ತಪ್ಪು.

ಚನ್ನಪಟ್ಟಣದ ಅರಗು ಕೀಟದಿಂದ ಬರುತ್ತದೆ. ಚೀನಾದ್ದು ಲ್ಯಾಕರ್ ಮರದ ತೊಗಟೆ ಗೀರಿ ಇಳಿಸಿದ ಹಾಲು. ಹಸಿಯಿದ್ದಾಗ ಮೈಗೆ ತಾಗಿದರೆ ಗುಳ್ಳೆ ಏಳುತ್ತವೆ. ಕೆಂಪು ಬರುವುದು ಬೆರೆಸಿದ ಇಂಗಳೀಕದಿಂದ, ಅಂದರೆ ಪಾದರಸದ ಕೆಂಪು ಖನಿಜದಿಂದ.

ತೆಳ್ಳಗೆ ಒಂದು ಪದರ ಬಳಿದು, ಒಣಗಿಸಿ, ಮತ್ತೆ ಇನ್ನೊಂದು. ಇದು ಗಟ್ಟಿಯಾಗಲು ತೇವದ ಗಾಳಿಯೇ ಬೇಕು, ಆಶ್ಚರ್ಯ ಅಲ್ವಾ? ಹೀಗೆ ಹತ್ತಾರು, ಕೆಲವೊಮ್ಮೆ 100ಕ್ಕೂ ಜಾಸ್ತಿ ಪದರ. ಕೆತ್ತನೆ ನಡೆಯುವುದು ಆ ದಪ್ಪದೊಳಗೆ. ಮಿಂಗ್‌ಗೂ ಹಿಂದಿನ ಯುವಾನ್ ರಾಜವಂಶದ ಕಾಲದ ಕುಶಲಕರ್ಮಿಗಳಾದ ಝಾಂಗ್ ಚೆಂಗ್, ಯಾಂಗ್ ಮಾವೋ ಇದರಲ್ಲಿ ಹೆಸರಾದವರು. ಹೂವಿನ ದಳದ ಕೊಯ್ದ ಅಂಚನ್ನು ಹತ್ತಿರದಿಂದ ನೋಡಿ, ಎಷ್ಟೋ ಡಬ್ಬಿಗಳಲ್ಲಿ ಪದರಗಳ ಗೆರೆ ಕಾಣುತ್ತದೆ.