ಮಗಳ ಪ್ರಾಜೆಕ್ಟಿಗೆ ಆಧಾರ ಹುಡುಕಿದ್ದು

ಬಿ.ಕಾಂ. ಕೊನೆಯ ವರ್ಷದಲ್ಲಿರುವ ಮಗಳು ತನ್ನ ಪ್ರಾಜೆಕ್ಟಿಗೆ ಮೈಸೂರು ಸ್ಯಾಂಡಲ್ ತಯಾರಿಸುವ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಕಂಪನಿಯನ್ನು ಆರಿಸಿಕೊಂಡಾಗ, ನಮ್ಮ ಬಚ್ಚಲುಮನೆಯ ಕಂಪನಿ ತಾನೇ, ಇದರಲ್ಲೇನು ಕಷ್ಟ ಎಂದು ನಾನೇ ಧೈರ್ಯ ತುಂಬಿದ್ದೆ. ಮೊದಲ ಅಧ್ಯಾಯ ಒಂದೇ ರಾತ್ರಿಯಲ್ಲಿ ಮುಗಿಯಿತು. ‘ಶ್ರೀಗಂಧಕ್ಕೆ ನೊರೆಯ ಕಿರೀಟ ತೊಡಿಸಿದ ಈ ಕಂಪನಿ 1916ರಲ್ಲಿ ಸ್ಥಾಪನೆಯಾಯಿತು’ ಎಂಬ ವಾಕ್ಯಕ್ಕೆ ಐದು ಜಾಲತಾಣಗಳ ಆಧಾರ ಬೇರೆ.

ಗೈಡ್ ಮೇಡಂ ಆ ವಾಕ್ಯಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ‘ಐದೂ ಕಡೆ ಅದೇ ನೊರೆ, ಅದೇ ಕಿರೀಟ. ಇದು ಒಂದೇ ಮೂಲದ ಜೆರಾಕ್ಸ್’ ಎಂದು ಬರೆದು ಹಿಂದಿರುಗಿಸಿದರು.

ಕಂಪನಿ ಷೇರುಪೇಟೆಯಲ್ಲಿ ಇಲ್ಲದ ಕಾರಣ ಅಲ್ಲಿ ಹುಡುಕುವಂತಿರಲಿಲ್ಲ. ಉಳಿದದ್ದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ದಾಖಲೆ ಮತ್ತು ವಿಧಾನಮಂಡಲದ ಮುಂದಿಡುವ ವಾರ್ಷಿಕ ವರದಿ. ಪ್ರತಿ ಕಂಪನಿಗೂ 21 ಅಕ್ಷರ, ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆಂದೂ, ಅದರ ನಡುವಿನ ನಾಲ್ಕು ಅಂಕಿಗಳೇ ನೋಂದಣಿಯ ಇಸವಿಯೆಂದೂ ಮಗಳು ಪತ್ತೆಹಚ್ಚಿದಳು. ಅಲ್ಲಿದ್ದದ್ದು 1980.

‘ಸುಳ್ಳು’ ಎಂದರು ಬತ್ತಿ ಹೊಸೆಯುತ್ತಿದ್ದ ನನ್ನ ತಾಯಿ. ‘72ರಲ್ಲಿ ನಿಮ್ಮಪ್ಪನಿಗೆ ಇದೇ ಸೋಪು ಹಚ್ಚಿ ಎರೆದಿದ್ದೇನೆ. ನಿನ್ನ ಸರ್ಕಾರಕ್ಕೇನು ಗೊತ್ತು?’

ಇಬ್ಬರದೂ ನಿಜವೇ ಆಗಿತ್ತು. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗಬೇಕಿದ್ದ ಗಂಧದ ಮರ ಇಲ್ಲಿಯೇ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಎಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಸಾಬೂನು ವಿದ್ಯೆ ಕಲಿಯಲು ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಹೀಗೆ ಹುಟ್ಟಿದ್ದು ಸರ್ಕಾರಿ ಸಾಬೂನು ಕಾರ್ಖಾನೆ. ಅದರ ಹುಟ್ಟಿದ ವರ್ಷವನ್ನು ಕೆಲವರು 1916 ಎಂದೂ ಕೆಲವರು 1918 ಎಂದೂ ಬರೆಯುತ್ತಾರೆ. ಅದು ಕಂಪನಿಯಾದದ್ದು ಮಾತ್ರ 1980ರಲ್ಲಿ. ಅಜ್ಜಿಯ ಸಾಕ್ಷ್ಯ ಸಾಬೂನಿಗೆ ಸಲ್ಲುತ್ತದೆ, ಕಂಪನಿಗೆ ಸಲ್ಲುವುದಿಲ್ಲ ಎಂದು ಮಗಳು ತೀರ್ಪಿತ್ತಳು.

ವಿಷಯ ಇಲ್ಲಿಗೇ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಆ ಕಿರೀಟದ ವಾಕ್ಯ ಮೊದಲು ಬರೆದವರು ಯಾರೆಂಬ ಹಠ ಹಿಡಿದ ಮಗಳು, ಜಾಲತಾಣದಿಂದ ಜಾಲತಾಣಕ್ಕೆ ಹಿಂದೆ ಹಿಂದೆ ಸರಿಯುತ್ತಾ, ಸ್ಕ್ಯಾನ್ ಮಾಡಿ ಏರಿಸಿದ್ದ ಹಳೆಯದೊಂದು ಸ್ಮರಣ ಸಂಚಿಕೆಯ 43ನೇ ಪುಟಕ್ಕೆ ಬಂದು ನಿಂತಳು. ಲೇಖನದ ಕೆಳಗೆ ನನ್ನ ಹೆಸರಿತ್ತು; ಪಕ್ಕದಲ್ಲಿ ತಲೆತುಂಬ ಕೂದಲಿದ್ದ ಫೋಟೋ.

‘ಅಪ್ಪಾ, ನಿಮಗೆ ಇದನ್ನು ಯಾರು ಹೇಳಿದ್ದು?’

ಸಂಪಾದಕರು ಸಂಜೆಯೊಳಗೆ ಲೇಖನ ಬೇಕೆಂದು ಅವಸರಿಸಿದ್ದು, ಕಟಿಂಗ್ ಅಂಗಡಿಯಲ್ಲಿ ಸರದಿಗೆ ಕಾಯುತ್ತಾ ಯಾರದೋ ಮಾತು ಕೇಳಿ ರಸೀದಿಯ ಹಿಂದೆ ಗೀಚಿಕೊಂಡದ್ದು ನೆನಪಾಯಿತು. ಅದನ್ನು ಹೇಳಲಿಲ್ಲ. ‘ಹಿರಿಯರೊಬ್ಬರು’ ಎಂದೆ.

ಪ್ರಾಜೆಕ್ಟು ಈಗ ಬೈಂಡಾಗಿ ಬಂದಿದೆ. ಆಧಾರಗಳ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಕೃತಜ್ಞತೆಯ ಪುಟದಲ್ಲಿದೆ, ಪ್ರಿಂಟು ಮತ್ತು ಬೈಂಡಿಂಗಿನ ಖರ್ಚು ಕೊಟ್ಟದ್ದಕ್ಕೆ.