ಫ್ಲಾರಿಡಾದಲ್ಲಿ ನಾರ್ವೆ ಮುಗೀತು

ಭಾವಮೈದುನ ಫ್ಲಾರಿಡಾದಿಂದ ಫೋಟೊ ಕಳಿಸಿದ್ದಾನೆ. ಮರದ ಚರ್ಚಿನ ಮುಂದೆ ಇಡೀ ಸಂಸಾರ, ಎಲ್ಲರ ಹಣೆಯಲ್ಲೂ ಬೆವರು. ಕೆಳಗೆ ಬರೆದಿದ್ದಾನೆ: ‘ಇವತ್ತು ನಾರ್ವೆ ಮುಗೀತು.’

ಅಲ್ಲಿನ ಡಿಸ್ನಿಯವರ ಎಪ್ಕಾಟ್ ಪಾರ್ಕಿನಲ್ಲಿ ಕಟ್ಟಿದ ನಾರ್ವೆ ಮುಗಿದು ಹತ್ತು ವರ್ಷದ ಮೇಲಾಯ್ತು ಮಾರಾಯ.

1988ರಲ್ಲಿ ಡಿಸ್ನಿಯವರು ಅದನ್ನು ತೆರೆದಾಗ ನಾರ್ವೆಯವರೂ ದುಡ್ಡು ಹಾಕಿದ್ದರು. ದೋಣಿಯಲ್ಲಿ ಕೂರಿಸಿ ವೈಕಿಂಗರು, ಜಾನಪದ ಕತೆಯ ಟ್ರೋಲ್ ರಾಕ್ಷಸರು, ಕೊನೆಗೆ ಸಮುದ್ರದ ತೈಲಬಾವಿ ತೋರಿಸುತ್ತಿದ್ದರು. ಇಳಿದ ಮೇಲೆ ಐದು ನಿಮಿಷದ ನಾರ್ವೆ ಸಿನಿಮಾ. ಎಷ್ಟೋ ಜನ ಒಂದು ಬಾಗಿಲಲ್ಲಿ ಬಂದು, ಸಿನಿಮಾ ಶುರುವಾಗುವ ಮೊದಲೇ ಇನ್ನೊಂದು ಬಾಗಿಲಲ್ಲಿ ಪರಾರಿ. 2014ರಲ್ಲಿ ಆ ದೋಣಿ ಸವಾರಿಗೆ ಬೀಗ. 2016ರಿಂದ ಅದೇ ಕಾಲುವೆಯಲ್ಲಿ ‘ಫ್ರೋಜನ್’ ಕಾರ್ಟೂನ್ ಸಿನಿಮಾದ ರಾಣಿ ಎಲ್ಸಾಳ ದರ್ಬಾರು.

ಡಿಸ್ನಿಯವರನ್ನು ಮೆಚ್ಚಲೇಬೇಕು. ಎಲ್ಸಾಳ ಊರು ಅರೆಂಡೆಲ್ ಯಾವ ಭೂಪಟದಲ್ಲೂ ಇಲ್ಲ. ಕತೆಯ ಬೇರು ಮಕ್ಕಳ ಕತೆಗಾರ ಆಂಡರ್ಸನ್, ಅವನು ಡೆನ್ಮಾರ್ಕಿನವನು. ಪಕ್ಕದಲ್ಲಿ ಆಸ್ಲೋ ಕೋಟೆಯ ಹೆಸರು ಹೊತ್ತ ಹೋಟೆಲ್ಲಿದೆ. ಅಲ್ಲಿ ಊಟಕ್ಕೆ ಕೂತರೆ ಬೀಗರ ಮನೆ ಅತ್ತೆಯ ಹಾಗೆ ವಿಚಾರಿಸಿಕೊಳ್ಳಲು ಬರೋಳು ಜರ್ಮನ್ ಕತೆಯ ಸ್ನೋ ವೈಟ್! ಪಾರ್ಕಿನಲ್ಲಿ ಹೀಗೆ ದೇಶಗಳನ್ನು ಕಟ್ಟಿ ನಿಲ್ಲಿಸಿರುವ ವರ್ಲ್ಡ್ ಶೋಕೇಸ್‌ನ 11 ದೇಶಗಳಲ್ಲಿ ನಮ್ಮದಿಲ್ಲ ಅಂತ ಮೊದಲು ಬೇಜಾರಿತ್ತು. ಈಗಿಲ್ಲ.

ಫೋಟೊದಲ್ಲಿದ್ದ ಆ ಚರ್ಚಿನ ಕತೆ ಕೇಳಿ. ಮೀನಿನ ಪೊರೆಯಂತೆ ಹಲಗೆ ಹೊದಿಸಿದ ಚಾವಣಿ, ಸೂರಿನ ತುದಿಗೆ ಡ್ರ್ಯಾಗನ್ ತಲೆ. ನಾರ್ವೆಯ ಗೋಲ್ ಅನ್ನೋ ಊರಿನ ಚರ್ಚೇ ಇದಕ್ಕೆ ಮಾದರಿ. ಆದರೆ ಅಸಲಿ ಚರ್ಚು ಗೋಲ್‌ನಲ್ಲಿಲ್ಲ. 19ನೇ ಶತಮಾನದಲ್ಲೇ ಕಂಬ ಕಂಬ ಬಿಚ್ಚಿ ಆಸ್ಲೋಗೆ ಸಾಗಿಸಿದರು, ಈಗ ಮ್ಯೂಸಿಯಂನಲ್ಲಿದೆ. ಗೋಲ್ ಜನ ಎಷ್ಟೋ ಕಾಲದ ಮೇಲೆ ತಮಗೊಂದು ನಕಲು ಕಟ್ಟಿಕೊಂಡರು. ಅಮೆರಿಕದ ಮೈನಾಟ್‌ನಲ್ಲಿ ಇನ್ನೊಂದು. ಮೂಲವಿಗ್ರಹ ಊರು ಬಿಟ್ಟಿತು, ಉತ್ಸವಮೂರ್ತಿಗಳದೇ ಮೆರವಣಿಗೆ.

ಸಿನಿಮಾ ಬಂದ ಹೊಸದರಲ್ಲಿ ಡಿಸ್ನಿಯ ಈ ಚರ್ಚಿನೊಳಗೆ ಒಂದು ಪ್ರದರ್ಶನ ಇಟ್ಟರು. ವಿಷಯ ಏನು ಗೊತ್ತಾ? ನಾರ್ವೆ ಸಂಸ್ಕೃತಿ, ‘ಫ್ರೋಜನ್’ ಸಿನಿಮಾಕ್ಕೆ ಸ್ಫೂರ್ತಿ. ಅಷ್ಟೇ. ಇಲ್ಲಿ ನನಗೆ ನಗು ಬರಲ್ಲ. ನೂರಾರು ವರ್ಷ ಚಳಿಯಲ್ಲಿ ಕೂತು ಮರ ಕೆತ್ತಿದ ಜನ, ಯಾವಳೋ ಕಾರ್ಟೂನ್ ರಾಣಿಯ ಬಟ್ಟೆಗೆ ಡಿಸೈನ್ ಒದಗಿಸೋಕೆ ಹುಟ್ಟಿದ್ದರಾ? 2002ರಲ್ಲಿ ನಾರ್ವೆ ಸರ್ಕಾರ ದುಡ್ಡು ಕೊಡುವುದನ್ನು ನಿಲ್ಲಿಸಿತ್ತು. ಬಾಡಿಗೆ ನಿಂತ ಮೇಲೆ ಮನೆ ಯಾರದು ಅಂತ ಕೇಳುವ ಹಾಗಿಲ್ಲ, ಅಲ್ವಾ?

ಭಾವಮೈದುನನಿಗೆ ಫೋನ್ ಮಾಡಿದೆ. ‘ನಾರ್ವೆಯಲ್ಲಿ ಏನೇನು ನೋಡಿದೆಯೋ?’

‘ಬನ್ ತಿಂದ್ವಿ ಭಾವ. ಸ್ಕೂಲ್ ಬ್ರೆಡ್ ಅಂತೆ. ನಡುವೆ ಕಸ್ಟರ್ಡ್, ಸುತ್ತ ಕೊಬ್ಬರಿ ತುರಿ. ನಮ್ಮ ಬೇಕರಿ ದಿಲ್‌ಪಸಂದ್ ನೆನಪಾಯ್ತು.’

ಪುಣ್ಯಾತ್ಮ. ನಾರ್ವೆಯ ಬೇಕರಿಗಳಲ್ಲಿ ನಿಜವಾಗಲೂ ಸಿಗುವ ತಿಂಡಿ ಅದು.