ಹಾರ್ನ್ ಹೊಡೆಯುತ್ತದೆ, ಕದಲುವುದಿಲ್ಲ

ಕೊಡಗಿಗೆ ರೈಲು ಬಂದಿಲ್ಲ. ಮೈಸೂರು–ಕುಶಾಲನಗರ ಮಾರ್ಗದ ಸುದ್ದಿ ಪೇಪರಿನಲ್ಲಿ ಆಗಾಗ ಬಂದು ಹೋಗುತ್ತದೆ, ಅಷ್ಟೆ. ಮಡಿಕೇರಿಯಲ್ಲಿ ರೈಲು ನೋಡಬೇಕು ಅಂದರೆ ನಮ್ಮ ಅಟ್ಟದ ಮೇಲಿನ ಮೇಜೇ ಗತಿ.

ನನ್ನ ಮಾದರಿ ರೈಲು ಎಚ್‌ಒ ಅನ್ನೋ ಅಳತೆಯದು. ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಎರಡು ಹಳಿಗಳ ನಡುವೆ 16.5 ಮಿಲಿಮೀಟರ್. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲೂ ಡಿಕೋಡರ್ ಅನ್ನೋ ಪುಟ್ಟ ಸರ್ಕ್ಯೂಟ್ ಇರುತ್ತದೆ. ಹಳಿಯಲ್ಲಿ ಕರೆಂಟಿನ ಜೊತೆಗೇ ಅಪ್ಪಣೆಯೂ ಹರಿಯುತ್ತದೆ. ‘3ನೇ ನಂಬರ್, ನಡಿ’ ಅಂದರೆ 3 ಮಾತ್ರ ನಡೆಯಬೇಕು. ಹೊಸ ಡಿಕೋಡರ್‌ಗಳು ಸಾಮಾನ್ಯವಾಗಿ 3 ಅನ್ನೋ ನಂಬರ್ ಹೊತ್ತೇ ಬರುತ್ತವೆ. ಅದನ್ನು ಬದಲಾಯಿಸಲು ಪ್ರೋಗ್ರಾಮಿಂಗ್ ಟ್ರ್ಯಾಕ್ ಅನ್ನೋ ಬೇರೆ ತುಂಡು ಹಳಿಯ ಮೇಲೆ ಒಂದೇ ಒಂದು ಎಂಜಿನ್ ಇಟ್ಟು, ಸಿವಿ 1ರಲ್ಲಿ ಹೊಸ ನಂಬರ್ ಬರೆಯಬೇಕು. ಸಿವಿ ಅಂದರೆ ಡಿಕೋಡರಿನ ನೆನಪಿನ ಖಾನೆಗಳು.

ಒಂದೇ ಒಂದು ಅಂತ ಒತ್ತಿ ಹೇಳಲು ಕಾರಣ ಇದೆ. ರಜೆಗೆ ಬಂದಿದ್ದ ಅಣ್ಣನ ಮಗ, ‘ಚಿಕ್ಕಪ್ಪ, ಇದೂ ಸುಮ್ನೆ ಕೂತಿದೆ ಅಲ್ವಾ’ ಅಂತ ಪಕ್ಕದಲ್ಲಿ ಇನ್ನೊಂದನ್ನೂ ಇಟ್ಟ. ಆ ತುಂಡು ಹಳಿ ಯಾರು ಎತ್ತ ಅಂತ ವಿಚಾರಿಸುವುದಿಲ್ಲ, ಮೇಲೆ ಇದ್ದವರಿಗೆಲ್ಲ ಬರೆದುಬಿಡುತ್ತದೆ. ಎರಡಕ್ಕೂ 25 ಆಯಿತು. ಆಮೇಲೆ 25 ಅಂತ ಕರೆದರೆ ಎರಡೂ ಓಗೊಟ್ಟು ಹೊರಟವು, ಸುರಂಗದೊಳಗೆ ಮುಖಾಮುಖಿಯಾದವು.

ಇದು ಸಣ್ಣ ವಿಷಯ. ದೊಡ್ಡ ತಲೆನೋವು ಬಂದದ್ದು ಜುಲೈನ ಜಡಿಮಳೆಯಲ್ಲಿ, ಬೆಂಗಳೂರಿನಿಂದ, ಸೆಕೆಂಡ್ ಹ್ಯಾಂಡ್ ಡೀಸೆಲ್ ಎಂಜಿನ್ನಿನ ರೂಪದಲ್ಲಿ. ಮಾರಿದವರು ‘ಎಲ್ಲ ಪಕ್ಕಾ ಇದೆ ಸರ್’ ಅಂದಿದ್ದರು. ಹಳಿಗಿಟ್ಟು ಕರೆದೆ. ದೀಪ ಹೊತ್ತಿತು. ಹಾರ್ನ್ ಎಷ್ಟು ಜೋರಾಗಿ ಹೊಡೆಯಿತು ಅಂದರೆ ಕೆಳಗೆ ಮಲಗಿದ್ದ ನಾಯಿ ಎದ್ದು ಬೊಗಳಿತು. ಆದರೆ ಚಕ್ರ ಒಂದು ಸುತ್ತೂ ತಿರುಗಲಿಲ್ಲ.

ಮಳೆಗಾಲದಲ್ಲಿ ಮನೆ ತುಂಬ ಜನ, ಯಾರಿಗೂ ಕೆಲಸವಿಲ್ಲ. ಮಾವನವರು ತೋಟದ ಪಂಪು ರಿಪೇರಿಯವನನ್ನೇ ಅಟ್ಟ ಹತ್ತಿಸಿದರು. ಅವನು ಎಂಜಿನ್ನನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ‘ಮೋಟರ್ ಸುಟ್ಟಿದೆ ಸರ್, ರಿವೈಂಡಿಂಗ್ ಮಾಡ್ಬೇಕು’ ಅಂದ. ಹೆಬ್ಬೆರಳು ಗಾತ್ರದ ಮೋಟರಿಗೆ! ಮಾವ ಗಂಭೀರವಾಗಿ ತಲೆಯಾಡಿಸಿದರು.

ನಾನು ಎಂಜಿನ್ನನ್ನು ಪ್ರೋಗ್ರಾಮಿಂಗ್ ಟ್ರ್ಯಾಕಿಗೆ ಒಯ್ದೆ. ಓದಲು ಹೇಳಿದರೆ ಬರೀ ಎರರ್. ಇಲ್ಲಿ ಒಂದು ಸಂಗತಿ ಗೊತ್ತಿರಬೇಕು. ಡಿಕೋಡರಿಗೆ ಬಾಯಿಲ್ಲ. ಅಪ್ಪಣೆ ಕಳಿಸುವ ಕಂಟ್ರೋಲರ್ ಕೇಳಿದ್ದಕ್ಕೆ ಹೌದು ಅನ್ನಬೇಕಾದರೆ ಅದು ಸುಮಾರು 6 ಮಿಲಿಸೆಕೆಂಡ್ ಹೊತ್ತು ಮೋಟರಿಗೆ ಕರೆಂಟ್ ಕೊಡುತ್ತದೆ. ಕನಿಷ್ಠ 60 ಮಿಲಿಆಂಪ್ ಜಾಸ್ತಿ ಎಳೆದರೆ ಕಂಟ್ರೋಲರಿಗೆ ಗೊತ್ತಾಗುತ್ತದೆ. ಇಲ್ಲ ಅನ್ನಬೇಕಾದರೆ ತೆಪ್ಪಗಿರುತ್ತದೆ. ಚಕ್ರದಲ್ಲಿ ಕೊಳೆ ಇದ್ದರೂ ತೆಪ್ಪಗೇ ಇರುತ್ತದೆ. ಒಗೆದ ಬಟ್ಟೆಯೇ ವಾರಗಟ್ಟಲೆ ಒಣಗದ ಊರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಚಕ್ರವನ್ನು. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದೆ. ಹತ್ತಿ ಕಾಡಿಗೆಯಂತೆ ಕಪ್ಪಾಯಿತು. ಮತ್ತೆ ಓದಿಸಿದೆ. ಎಂಜಿನ್ ಸೂಕ್ಷ್ಮವಾಗಿ ಅದುರಿತು. ಟಿಕ್, ಟಿಕ್, ಟಿಕ್. ಕೂದಲೆಳೆಯಷ್ಟು ಮುಂದೆ ಜರುಗಿತು ಕೂಡ. ಪರದೆಯ ಮೇಲೆ ನಂಬರ್ ಬಂತು.

‘ನೋಡಿ ಮಾವ, ಮೋಟರ್ ಸುಟ್ಟಿದ್ದರೆ ಇದು ಅದುರುತ್ತಿತ್ತಾ?’

‘ಅದುರಿದ್ದು ನಾನು ನೋಡಲಿಲ್ಲ’ ಅಂದರು ಮಾವ.

ಮೋಟರ್ ಸರಿ, ವೈರಿಂಗ್ ಸರಿ, ನಂಬರ್ ಸರಿ. ಹಾರ್ನೂ ದೀಪವೂ ಮಾತು ಕೇಳುತ್ತವೆ, ಓಟ ಮಾತ್ರ ಕೇಳುವುದಿಲ್ಲ. ಹೀಗಾದಾಗ ನೋಡಬೇಕಾದದ್ದು ಸಿವಿ 19. ಎರಡು ಎಂಜಿನ್ ಜೋಡಿಸಿ ಓಡಿಸುವಾಗ ಆ ಜೋಡಿಗೊಂದು ಬೇರೆ ನಂಬರನ್ನು ಅಲ್ಲಿ ಬರೆಯುತ್ತಾರೆ. ಬರೆದ ಮೇಲೆ ವೇಗದ ವಿಷಯದಲ್ಲಿ ಎಂಜಿನ್ ಜೋಡಿಯ ನಂಬರಿಗೆ ಮಾತ್ರ ಕಿವಿಗೊಡುತ್ತದೆ. ಓದಿದರೆ ಅಲ್ಲಿ 12 ಕೂತಿತ್ತು. ಬೇರೆ ಊರಿಗೆ ಬಂದು ಮನೆ ಮಾಡಿದರೂ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಹಿರಿಯರಾದ ಪಟ್ಟೆದಾರರ ಅಪ್ಪಣೆ ಬಾರದೆ ಹೊಸ್ತಿಲು ದಾಟದ ತಮ್ಮನ ಹಾಗೆ, ನಮ್ಮ ಡೀಸೆಲ್ ಬೆಂಗಳೂರಿನ ಜೋಡಿಗಾಗಿ ಕಾಯುತ್ತಿತ್ತು. ಸಿವಿ 19ಕ್ಕೆ ಸೊನ್ನೆ ಬರೆದೆ.

ದೊಡ್ಡ ಹಳಿಗಿಟ್ಟು ಕರೆದದ್ದೇ ತಡ, ಹೊರಟಿತು. ಮೊದಲು ಆಮೆಯ ನಡಿಗೆ, ಆಮೇಲೆ ಭರ್ಜರಿ ಓಟ. ಸೈಡಿಂಗ್ ಅನ್ನೋ ಪಕ್ಕದ ಹಳಿಗೆ ತಿರುಗಿಸಿ ವೇಗ ಸೊನ್ನೆಗೆ ಇಳಿಸಿದೆ. ಇಳಿಯಲಿಲ್ಲ! ಹಳೆಯ ಯಜಮಾನರು ಸಿವಿ 4ರಲ್ಲಿ 40 ಇಟ್ಟಿದ್ದರು ಅಂತ ಆಮೇಲೆ ಓದಿ ತಿಳಿಯಿತು. ನಿಜವಾದ ರೈಲಿನಂತೆ ನಿಧಾನಕ್ಕೆ ನಿಲ್ಲಲಿ ಅನ್ನೋ ಶೋಕಿ. 40 ಅಂದರೆ ಪೂರ್ತಿ ವೇಗದಿಂದ ನಿಲ್ಲಲು ಸುಮಾರು 36 ಸೆಕೆಂಡ್. ನಮ್ಮ ಸೈಡಿಂಗ್ ಇರುವುದು ಒಂದೂವರೆ ಮೀಟರ್.

ಅದರ ತುದಿಯಲ್ಲಿ, ಮೇಜಿನ ಅಂಚಿಗೆ, ತಡೆಗಟ್ಟೆಯಾಗಿ ಹಿತ್ತಾಳೆಯ ಸೇರು ಇಟ್ಟಿದ್ದೆ. ಸೇರು ಇರಲಿಲ್ಲ.

‘ರೀ, ಅಕ್ಕಿ ಅಳೆಯೋಕೆ ತಗೊಂಡೆ’ ಅಂತ ಅಡುಗೆಮನೆಯಿಂದ ಉತ್ತರ ಬಂತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಅಟ್ಟಕ್ಕೆ ಯುಪಿಎಸ್ ಲೈನ್ ಇಲ್ಲ. ಮಾವ ಟಾರ್ಚ್ ಹಾಕಿದರು. ಎಂಜಿನ್ ಮುಂದಿನ ಎರಡು ಚಕ್ರ ಗಾಳಿಯಲ್ಲಿಟ್ಟುಕೊಂಡು ಅಂಚಿನಲ್ಲಿ ನಿಂತಿತ್ತು. ಮಾವ ಬಗ್ಗಿ ಚೆನ್ನಾಗಿ ಪರೀಕ್ಷಿಸಿದರು.

‘ಬ್ರೇಕ್ ಪರವಾಗಿಲ್ಲ’ ಅಂದರು.